ಹಳದಿ ಗುಳಿಗೆ, ಹುಲ್ಲಿನ ಕರು

ಗುಳಿಗೆಗಳ ವಿಷಯದಲ್ಲಿ ನಮಗೆ ಹೆಂಗಸರಿಗೆ ಇರುವಷ್ಟು ಪರಿಚಯ ಗಂಡಸರಿಗೆ ಇರಲಾರದು ಎಂದು ನನ್ನ ಅನಿಸಿಕೆ. ಮನೆಯಲ್ಲಿ ಯಾರಿಗೆ ಯಾವ ಹೊತ್ತಿನದು, ಊಟಕ್ಕೆ ಮೊದಲೋ ಆಮೇಲೋ, ಬಿಳಿಯದೋ ಗುಲಾಬಿಯದೋ ಎಂಬ ಲೆಕ್ಕವೆಲ್ಲ ನಮ್ಮ ತಲೆಯಲ್ಲೇ. ಅತ್ತೆಯ ರಕ್ತದೊತ್ತಡದ್ದು, ಯಜಮಾನರ ಸಕ್ಕರೆಯದು, ಮಕ್ಕಳ ನೆಗಡಿಯದು ಎಲ್ಲ ಒಂದೇ ಡಬ್ಬಿಯಲ್ಲಿದ್ದರೂ ಕತ್ತಲಲ್ಲಿ ಕೈ ಹಾಕಿ ಬೇಕಾದದ್ದನ್ನೇ ತೆಗೆಯುತ್ತೇವೆ. ಆದರೆ ಆ ಗುಳಿಗೆ ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ‘ಗುಣ ಮಾಡುತ್ತದೆ’ ಎಂಬುದರ ಆಚೆಗೆ ನಮ್ಮ ಹತ್ತಿರ ಉತ್ತರವಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಬಿ.ಎ., ಬಿ.ಎಡ್. ಮಾಡಿ ಕನ್ನಡ, ಸಮಾಜ ಪಾಠ ಹೇಳುವವಳಿಗೆ ಅದು ಬೇಕಾಗಿಯೂ ಇರಲಿಲ್ಲ.

ಬೇಕಾದದ್ದು 2022ರಲ್ಲಿ. ನನಗೆ ಅದಾಗಲೇ ಕೆಲವು ವರ್ಷಗಳಿಂದ ಬೆರಳ ಗಂಟುಗಳ ನೋವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ಸೀಮೆಸುಣ್ಣ ಹಿಡಿದರೆ ಜಾರುವುದು, ರೊಟ್ಟಿ ಬಡಿಯುವುದಂತೂ ದೂರವೇ ಉಳಿಯಿತು. ಶಿವಮೊಗ್ಗದ ವೈದ್ಯರು ಸಂಧಿವಾತ ಎಂದರು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಬರೆದುಕೊಟ್ಟು, ‘ಭಾನುವಾರ ಮಾತ್ರ, ಮರೆತೂ ದಿನಾ ನುಂಗಬೇಡಿ’ ಎಂದು ಮೂರು ಸಲ ಹೇಳಿದರು. ಬೇರೆ ದಿನಕ್ಕೆ ಫೋಲಿಕ್ ಆಮ್ಲದ ಗುಳಿಗೆ. ಎರಡೂ ಹಳದಿ, ಎರಡೂ ಚಿಕ್ಕವು. ಅದೇ ಹೊತ್ತಿಗೆ ಮಗಳು ಚೊಚ್ಚಲ ಬಸಿರಿಯಾಗಿ, ವಾಂತಿ ತಡೆಯಲಾರದೆ ಮೂರನೆಯ ತಿಂಗಳಿಗೇ ತವರಿಗೆ ಬಂದಳು. ಅವಳ ಕೈಚೀಲದಲ್ಲೂ ಹಳದಿ ಗುಳಿಗೆ, ಅದೇ ಫೋಲಿಕ್ ಆಮ್ಲ. ತಂದವಳು ಉಪ್ಪಿನಕಾಯಿ ಜಾಡಿಯ ಪಕ್ಕ ನನ್ನ ಡಬ್ಬಿಗೆ ತಾಗಿಸಿಯೇ ಇಟ್ಟಳು.

‘ಅಮ್ಮ, ನಿಂಗೂ ಫೋಲಿಕ್ಕು, ನಂಗೂ ಫೋಲಿಕ್ಕು. ಹಾಗಾದ್ರೆ ಈ ಭಾನುವಾರದ್ದು ಎಂತದು?’ ಎಂದಳು.

ಪೊಟ್ಟಣದೊಳಗಿನ ಇರುವೆಸಾಲಿನಂಥ ಅಕ್ಷರದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಬಸುರಿಯರು ಇದನ್ನು ಸರ್ವಥಾ ಸೇವಿಸಕೂಡದು, ಒಳಗಿನ ಶಿಶುವಿಗೆ ಅಪಾಯ ಎಂದಿತ್ತು. ಆ ಸಂಜೆಯೇ ಭಾನುವಾರದ ಗುಳಿಗೆ ಅಡುಗೆಮನೆ ಬಿಟ್ಟು ಬೀರುವಿಗೆ ಹೋಯಿತು. ಬಂಗಾರದ ಸರದ ಜೊತೆ ಬೀಗ ಹಾಕಿಸಿಕೊಂಡು ಕೂತ ಮೊದಲ ಗುಳಿಗೆ ಅದೇ ಇರಬೇಕು! ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಒಂದು ಹಳದಿ ಗುಳಿಗೆ ಮಗುವಿನ ಬೆನ್ನುಹುರಿಯನ್ನು ಕಾಯುವುದಕ್ಕೆ, ಅದರಂತೆಯೇ ಕಾಣುವ ಇನ್ನೊಂದು ಅದೇ ಮಗುವಿಗೆ ಮೃತ್ಯು. ಇವೆರಡಕ್ಕೆ ಏನು ಸಂಬಂಧ?

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟರನ್ನು ಹಿಡಿದೆ. ಅವರು ಸೀದಾ ಹೇಳಿಬಿಟ್ಟರು: ‘ಎರಡೂ ಅವಳಿ-ಜವಳಿ ಇದ್ದ ಹಾಗೆ ಮೇಡಂ. ಒಂದು ಅಸಲಿ ಜೀವಸತ್ವ, ಇನ್ನೊಂದು ಅದರ ವೇಷ ಹಾಕಿದ್ದು.’ ಅಲ್ಲಿಂದ ಶುರುವಾದ ನನ್ನ ಓದು ಎಲ್ಲೆಲ್ಲಿಗೋ ಹೋಗಿ ಕೊನೆಗೆ ನಮ್ಮ ಊರಿನ ಚಳಿಜ್ವರಕ್ಕೆ ಬಂದು ನಿಂತಿತು. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ವೇಷ ಅಂದಾಗ ನನಗೆ ನೆನಪಾದದ್ದು ಅಜ್ಜಿಮನೆಯ ಕೊಟ್ಟಿಗೆ. ಕರು ಸತ್ತರೆ ಹಸು ಹಾಲಿಳಿಸುವುದಿಲ್ಲ. ಆಗ ಸತ್ತ ಕರುವಿನ ಚರ್ಮ ಸುಲಿಸಿ, ಒಳಗೆ ಒಣಹುಲ್ಲು ತುಂಬಿ, ನಾಲ್ಕು ಕೋಲಿನ ಕಾಲು ಕೊಟ್ಟು ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನು ಮೂಸಿ ನೋಡಿ, ನೆಕ್ಕಿ ನೆಕ್ಕಿ ಹಾಲು ಬಿಡುತ್ತಿತ್ತು. ನಮ್ಮ ಕಡೆಯ ಹಳಬರಿಗೆಲ್ಲ ಇದು ಗೊತ್ತು. ನಾನು ಅದನ್ನು ನೋಡಲಾರದೆ ಓಡಿಹೋಗುತ್ತಿದ್ದೆ. ನಮ್ಮ ಮೈಯ ಕಿಣ್ವಗಳೂ ಆ ಹಸುವಿನ ಹಾಗೆಯೇ ಆಕಾರ ನೋಡಿ ನಂಬುವ ಜಾತಿ. ಫೋಲಿಕ್ ಆಮ್ಲದಂಥದೇ ಆಕಾರದ ಅಣುವೊಂದು ಬಂದರೆ ಅದನ್ನೇ ಅಪ್ಪಿಕೊಂಡು ಕೂತುಬಿಡುತ್ತವೆ. ಹೋಲಿಕೆ ಇಲ್ಲಿಗೆ ಮುಗಿಯಿತು, ಏಕೆಂದರೆ ಹಸು ಹುಲ್ಲಿನ ಕರುವಿಗೂ ಹಾಲು ಕೊಡುತ್ತದೆ, ಕಿಣ್ವ ಕೊಡುವುದಿಲ್ಲ. ಅದರ ಕೆಲಸವೇ ನಿಂತುಹೋಗುತ್ತದೆ. ಬೀಗದೊಳಗೆ ಹೋದ ಕೀಲಿ ಇತ್ತ ತಿರುಗದೆ ಅತ್ತ ಹೊರಕ್ಕೂ ಬರದೆ ಸಿಕ್ಕಿಕೊಂಡ ಹಾಗೆ. ಹೊಸ ಜೀವಕೋಶ ಹುಟ್ಟಬೇಕಾದರೆ ವಂಶವಾಹಿಯ ಎಳೆಯನ್ನು ನೂಲಬೇಕು. ಆ ನೂಲುವ ಕೆಲಸಕ್ಕೆ ಫೋಲಿಕ್ ಆಮ್ಲ ಬೇಕೇ ಬೇಕು. ಗರ್ಭದ ಶಿಶುವಿನಷ್ಟು ಅವಸರದಲ್ಲಿ ಬೆಳೆಯುವುದು ಇನ್ನು ಯಾವುದಿದೆ? ಅದಕ್ಕೇ ಮಗಳಿಗೆ ಅಸಲಿ ಬೇಕು, ವೇಷಧಾರಿ ಹತ್ತಿರ ಸುಳಿಯಬಾರದು.

ಈ ಫೋಲಿಕ್ ಆಮ್ಲದ ಕಥೆ ಶುರುವಾಗುವುದೇ ನಮ್ಮ ದೇಶದ ಬಸುರಿಯರಿಂದ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರು ರಕ್ತ ಬತ್ತಿ, ಬಿಳಿಚಿಕೊಂಡು ಸಾಯುತ್ತಿದ್ದರು. ವಿಲ್ಸ್ ಅವರ ಊಟ ನೋಡಿದರು, ಮನೆ ನೋಡಿದರು, ಇಲಿ-ಮಂಗಗಳ ಮೇಲೆ ಪ್ರಯೋಗ ಮಾಡಿದರು. ಕೊನೆಗೆ ರೋಗ ಹಿಡಿದ ಕೋತಿಯೊಂದಕ್ಕೆ ಮಾರ್ಮೈಟ್ ಎಂಬ ಯೀಸ್ಟಿನ ಸಾರವನ್ನು ತಿನ್ನಿಸಿದಾಗ ಅದು ಚೇತರಿಸಿಕೊಂಡಿತು. ಬ್ರೆಡ್ಡಿಗೆ ಸವರುವ ಕಪ್ಪು ಅಂಟು ಅದು. ಅದನ್ನೇ ಹೆಂಗಸರಿಗೆ ಕೊಟ್ಟರು. ರಕ್ತ ತುಂಬಿಕೊಂಡಿತು. 1931ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಯೀಸ್ಟಿನೊಳಗಿನ ಆ ಸತ್ವದ ಹೆಸರೇ ಯಾರಿಗೂ ತಿಳಿದಿರಲಿಲ್ಲ. ಹತ್ತು ವರ್ಷದ ಮೇಲೆ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು ಸೋಸಿ ಚಿಟಿಕೆಯಷ್ಟು ಸತ್ವ ತೆಗೆದು, ಲ್ಯಾಟಿನ್ನಿನಲ್ಲಿ ಎಲೆ ಎಂಬ ಅರ್ಥದ ಮಾತಿನಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ನಾಲ್ಕು ಟನ್ ಸೊಪ್ಪು! ಒಂದು ಕಂತೆ ಹರಿವೆ ಸೋಸುವಷ್ಟರಲ್ಲಿ ನಮಗೆ ಸೊಂಟ ಹಿಡಿಯುತ್ತದೆ.

ಇನ್ನೊಂದು ಕಡೆ ಸಲ್ಫಾ ಔಷಧಿಗಳು ಬಂದಿದ್ದವು. ನಮ್ಮ ತಾಯಂದಿರ ಕಾಲದಲ್ಲಿ ಗಾಯಕ್ಕೆ ಸಲ್ಫಾ ಪುಡಿ ಹಾಕುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದು ರೋಗಾಣುವನ್ನು ಹೇಗೆ ನಿಲ್ಲಿಸುತ್ತದೆಂಬುದು ಒಗಟಾಗಿತ್ತು. 1940ರಲ್ಲಿ ಡಿ. ಡಿ. ವುಡ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ ಒಂದು ವಿಚಿತ್ರ ಕಂಡರು. ಸಲ್ಫಾ ಇದ್ದ ಕಡೆ ಯೀಸ್ಟಿನ ಸಾರ ಹಾಕಿದರೆ ಔಷಧಿಯ ಶಕ್ತಿಯೇ ಉಡುಗಿಹೋಗುತ್ತಿತ್ತು. ಮತ್ತೆ ಯೀಸ್ಟು, ನೋಡಿ! ಅದರೊಳಗೆ ಸಲ್ಫಾದಂತೆಯೇ ಆಕಾರವಿರುವ ಒಂದು ಪುಟ್ಟ ಆಮ್ಲವಿತ್ತು. ಫೋಲಿಕ್ ಆಮ್ಲವನ್ನು ಕಟ್ಟಲು ರೋಗಾಣುವಿಗೆ ಬೇಕಾದ ತುಂಡು ಅದು. ಸಲ್ಫಾ ಆ ತುಂಡಿನ ವೇಷ ಹಾಕಿಕೊಂಡು ಕಿಣ್ವದ ಮಡಿಲಲ್ಲಿ ಕೂರುತ್ತಿತ್ತು. ಅಸಲಿ ಹೆಚ್ಚಾದರೆ ನಕಲಿಗೆ ಜಾಗ ಸಿಗುತ್ತಿರಲಿಲ್ಲ. ಹೀಗೆ, ಜೀವಸತ್ವದಂತೆ ಕಾಣುವ ಅಣುವನ್ನು ಬೇಕೆಂದೇ ಕಡೆದು ಶತ್ರುವಿನ ಕಿಣ್ವವನ್ನು ಕಟ್ಟಿಹಾಕಬಹುದು ಎಂಬ ವಿದ್ಯೆ ಹುಟ್ಟಿತು. ನಮಗೂ ರೋಗಾಣುವಿಗೂ ಒಂದು ವ್ಯತ್ಯಾಸವಿದೆ. ನಾವು ಫೋಲಿಕ್ ಆಮ್ಲವನ್ನು ಸೊಪ್ಪು ಕಾಳುಗಳಿಂದ ಉಣ್ಣುವವರು, ಅವು ತಮ್ಮ ಮನೆಯಲ್ಲೇ ಬೇಯಿಸಿಕೊಳ್ಳುವವು. ಅವುಗಳ ಒಲೆ ಆರಿಸಿದರೆ ನಮಗೇನೂ ನಷ್ಟವಿಲ್ಲ.

ಯಲ್ಲಾಪ್ರಗಡ ಸುಬ್ಬರಾವ್ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬಹುದು. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ, ಒಡಹುಟ್ಟಿದ ಇಬ್ಬರನ್ನು ಸ್ಪ್ರೂ ಎಂಬ ಕರುಳಿನ ರೋಗಕ್ಕೆ ಕಳೆದುಕೊಂಡು, ಅಮೆರಿಕಕ್ಕೆ ಹೋಗಿ ದುಡಿದವರು. 1940ರ ದಶಕದ ನಡುವಿನಲ್ಲಿ ಅವರ ತಂಡವೇ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿತು. ಸ್ಪ್ರೂ ರೋಗಿಗಳಿಗೂ ಅದು ಔಷಧಿಯಾಯಿತು. ಅದೇ ತಂಡ ಫೋಲಿಕ್ ಆಮ್ಲದ ನಕಲಿಗಳನ್ನೂ ಮಾಡಿತು. ಅದರಲ್ಲೊಂದನ್ನು ಡಾ. ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು 1948ರಲ್ಲಿ ಜಗತ್ತಿಗೆ ತಿಳಿಸಿದರು. ಅದರ ಒಡಹುಟ್ಟೇ ನನ್ನ ಭಾನುವಾರದ ಗುಳಿಗೆ. ಸುಬ್ಬರಾವ್ ಅದೇ 1948ರಲ್ಲಿ ತೀರಿಕೊಂಡರು. ನನ್ನ ಬೆರಳಿಗೆ ಬಂದ ಔಷಧಿಯ ಹಿಂದೆ ಒಬ್ಬ ತೆಲುಗು ಹುಡುಗ ಇದ್ದಾನೆಂದು ತಿಳಿದ ದಿನ, ಅದನ್ನು ನುಂಗುವಾಗ ಬರುವ ವಾಕರಿಕೆಯೂ ಸ್ವಲ್ಪ ಕಡಿಮೆಯಾದಂತೆ ಅನಿಸಿತು. ಅನಿಸಿಕೆ ಅಷ್ಟೇ.

ಆದರೆ ಮೆಥೊಟ್ರೆಕ್ಸೇಟಿಗೆ ಸ್ವಂತದವರು ಪರರು ಎಂಬ ಭೇದವಿಲ್ಲ. ಮನುಷ್ಯನ ಕಿಣ್ವವನ್ನೂ ಹಿಡಿಯುತ್ತದೆ, ರೋಗಾಣುವಿನದನ್ನೂ ಹಿಡಿಯುತ್ತದೆ. ರೋಗಾಣುವಿನದನ್ನು ಮಾತ್ರ ಬಿಗಿಯಾಗಿ ಹಿಡಿದು ನಮ್ಮದನ್ನು ಸುಮ್ಮನೆ ಮುಟ್ಟಿ ಬಿಡುವಂಥ ಅಣುವನ್ನು ಹುಡುಕಿದವರು ಅಮೆರಿಕದ ಜಾರ್ಜ್ ಹಿಚಿಂಗ್ಸ್ ಮತ್ತು ಜೊತೆಗಾರರು. 1951ರಲ್ಲಿ ಅವರು ಪ್ರಕಟಿಸಿದ ಹೊಸ ಮಲೇರಿಯಾ ಮದ್ದುಗಳ ಲೇಖನದಲ್ಲಿ ಮೊದಲ ಹೆಸರು ಎಲ್ವಿರಾ ಫಾಲ್ಕೊ ಎಂಬ ಮಹಿಳೆಯದು. ಆ ಸಾಲಿನಿಂದ ಬಂದದ್ದು ಪೈರಿಮೆಥಮೀನ್. ಅದೇ ಪ್ರಯೋಗಶಾಲೆಯಲ್ಲಿ 1944ರಿಂದ ಇದ್ದವರು ಗರ್ಟ್ರೂಡ್ ಎಲಿಯನ್. ಪದವಿಯಲ್ಲಿ ಮೇಲಿನ ಸಾಲಿನಲ್ಲಿ ತೇರ್ಗಡೆಯಾದರೂ, ಹೆಣ್ಣು ಎಂಬ ಕಾರಣಕ್ಕೆ ಪ್ರಯೋಗಶಾಲೆಗಳು ಕೆಲಸ ಕೊಡಲಿಲ್ಲ. ಚೆಂದದ ಹುಡುಗಿಯಿದ್ದರೆ ಗಂಡಸರ ಗಮನ ಕೆಡುತ್ತದಂತೆ! ಆಕೆ ನ್ಯೂಯಾರ್ಕಿನ ಹೈಸ್ಕೂಲುಗಳಲ್ಲಿ ಪಾಠ ಹೇಳಿಕೊಂಡು, ರಾತ್ರಿ ಮತ್ತು ರಜೆಯಲ್ಲಿ ಸಂಶೋಧನೆ ಮಾಡಿ ಎಂ.ಎಸ್ಸಿ. ಮುಗಿಸಿದರು. ಪಿಎಚ್.ಡಿ. ಮಾಡಲಾಗಲಿಲ್ಲ. 1988ರಲ್ಲಿ ಹಿಚಿಂಗ್ಸ್ ಜೊತೆ ನೊಬೆಲ್ ಬಂತು. ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಓದಿ ಹೇಳಿದಾಗ ಹೊಸದಾಗಿ ಸೇರಿದ್ದ ಅತಿಥಿ ಶಿಕ್ಷಕಿಯೊಬ್ಬಳು ‘ಅವರಿಗೂ ಉತ್ತರಪತ್ರಿಕೆ ತಿದ್ದೋದು ಇತ್ತಾ ಮೇಡಂ?’ ಎಂದು ಕೇಳಿದಳು. ಇದ್ದೇ ಇರಬೇಕು.

ಪೈರಿಮೆಥಮೀನನ್ನು ಸಲ್ಫಾ ಬಳಗದ ಸಲ್ಫಡಾಕ್ಸಿನ್ ಜೊತೆ ಸೇರಿಸಿ ಒಂದೇ ಗುಳಿಗೆ ಮಾಡಿದರು. ಸಲ್ಫಾ ಫೋಲಿಕ್ ಆಮ್ಲ ಕಟ್ಟುವ ಮೊದಲ ಬಾಗಿಲನ್ನು ಮುಚ್ಚುತ್ತದೆ, ಪೈರಿಮೆಥಮೀನ್ ಅದನ್ನು ಬಳಕೆಗೆ ತರುವ ಮುಂದಿನ ಬಾಗಿಲನ್ನು. ಮಲೇರಿಯಾದ ಪರಾವಲಂಬಿ ಕೆಂಪು ರಕ್ತಕಣವೊಂದನ್ನು ಹೊಕ್ಕು 48 ಗಂಟೆಯಲ್ಲಿ ಒಂದಿದ್ದದ್ದು ಇಪ್ಪತ್ತು ಮೂವತ್ತಾಗಿ ಕಣ ಒಡೆದು ಹೊರಬರುತ್ತದೆ. ಅದು ಒಡೆದ ಹೊತ್ತಿಗೇ ನಮಗೆ ನಡುಕ. ‘ದಿನ ಬಿಟ್ಟು ದಿನ ಬರುವ ಜ್ವರ’ ಎಂದು ಹಳಬರು ಹೇಳುತ್ತಿದ್ದುದು ಈ ಲೆಕ್ಕವನ್ನೇ. ಇಷ್ಟು ಸಂಸಾರ ಹೆಚ್ಚಿಸುವವನಿಗೆ ಫೋಲಿಕ್ ಆಮ್ಲ ಇಲ್ಲದಿದ್ದರೆ ಗತಿಯೆಲ್ಲಿ?

ಚಳಿಜ್ವರ ನಮಗೆ ಪುಸ್ತಕದ ಮಾತಲ್ಲ. ಆನವಟ್ಟಿ ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಒಂದು ಕಡೆ ಅಡಿಕೆ ತೋಟ, ಕೆರೆ, ಗದ್ದೆ, ಇನ್ನೊಂದು ಕಡೆ ಹಾನಗಲ್ಲಿನ ಬಯಲು. ಬಯಲಿನ ತಾಯಂದಿರು ‘ಮಲೆನಾಡಿಗೆ ಹೆಣ್ಣು ಕೊಟ್ಟರೆ ಜ್ವರಕ್ಕೆ ಕೊಟ್ಟ ಹಾಗೆ’ ಎನ್ನುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅಜ್ಜಿಯೇ ಹಾಗೆ ಕೊಟ್ಟು ಬಂದವಳು. ಅಂಚೆ ಕಚೇರಿಯಲ್ಲಿ ಕ್ವಿನೈನ್ ಪೊಟ್ಟಣ ಮಾರುತ್ತಿದ್ದ ಕಾಲ ಅವಳದು. ಮೈಸೂರು ಸರ್ಕಾರ 1920ರ ದಶಕದ ಕೊನೆಯಲ್ಲೇ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆಯಂಥ ಕಡೆ ಮಲೇರಿಯಾ ಅಧ್ಯಯನ ಕೇಂದ್ರ ತೆರೆದಿತ್ತು. ಅಂದ ಹಾಗೆ, ರೋಗದ ಲೋಕದಲ್ಲಿ ನಮ್ಮ ಸೊರಬ ತಾಲ್ಲೂಕಿನ ಹೆಸರು ಶಾಶ್ವತವಾಗಿರುವುದು ಬೇರೆ ಕಾರಣಕ್ಕೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಉಣುಗಿನಿಂದ ಜನಕ್ಕೆ ಹರಡಿದ ಕಾಯಿಲೆಗೆ ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಕ್ಯಾಸನೂರಿನದೇ ಹೆಸರು. ಕುಬಟೂರಿನ ಕೈಟಭೇಶ್ವರ ದೇವಸ್ಥಾನ ಇಷ್ಟು ಹತ್ತಿರವಿದ್ದೂ ಅದರ ಹೆಸರು ಹೊರಗಿನವರಿಗೆ ಗೊತ್ತಿಲ್ಲ, ಕಾಯಿಲೆಯ ಹೆಸರು ಗೊತ್ತು!

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತೆಂದು, 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಮನೆ ಮನೆಗೆ ಡಿ.ಡಿ.ಟಿ. ಹೊಡೆದು, 1965ರ ವೇಳೆಗೆ ಅದು ಒಂದು ಲಕ್ಷಕ್ಕೆ ಇಳಿಯಿತು. ಎಲ್ಲರೂ ಹಗುರಾದರು. 1976ರಲ್ಲಿ ಮತ್ತೆ 64 ಲಕ್ಷ. ಆ 64 ಲಕ್ಷದಲ್ಲಿ ನಾನೂ ಒಬ್ಬಳು. ಆಗ ಎರಡನೆಯ ತರಗತಿ. ನಾಲ್ಕು ಕಂಬಳಿ ಹೊದ್ದರೂ ಹಲ್ಲು ಕಟಕಟ. ಖಾಕಿ ಚೀಲದ ಆರೋಗ್ಯ ಕಾರ್ಯಕರ್ತ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಬಳಿದುಕೊಂಡು, ಬಾಗಿಲ ಪಕ್ಕದ ಗೋಡೆಯ ಮೇಲಿನ ಚೌಕದಲ್ಲಿ ತಾರೀಖು ಬರೆದು ಹೋದ. ಕ್ಲೋರೋಕ್ವಿನ್ನಿನ ಕಹಿಗೆ ಬೆಲ್ಲದ ಮುದ್ದೆಯೂ ಸೋತಿತು. ಗೋಡೆ ಸುಣ್ಣ ಕಂಡ ಮೇಲೂ ಆ ಚೌಕ ಮಸುಕಾಗಿ ಕಾಣುತ್ತಲೇ ಇತ್ತು.

ಆದರೆ ಪರಾವಲಂಬಿ ಸುಮ್ಮನೆ ಇರುವ ಪೈಕಿಯಲ್ಲ. ಕ್ಲೋರೋಕ್ವಿನ್ ಸೋತ ಕಡೆ ಪೈರಿಮೆಥಮೀನ್-ಸಲ್ಫಾ ಬಂತು. ಅದೂ ಹಲವು ದೇಶಗಳಲ್ಲಿ ಬೇಗನೆ ಸೋಲತೊಡಗಿತು. ಹೇಗೆ ಸೋತಿತೆಂಬ ವಿವರ ನನಗೆ ಬಹಳ ಹಿಡಿಸಿತು. ಕಿಣ್ವವೆಂದರೆ ಅಮಿನೊ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಪರಾವಲಂಬಿ ಆ ಸರದ 108ನೆಯ ಮಣಿಯನ್ನು ಬದಲಾಯಿಸಿಕೊಂಡಿತು. ಜಪಮಾಲೆಯ ಸಂಖ್ಯೆಯೇ! ಸೆರಿನ್ ಇದ್ದ ಜಾಗದಲ್ಲಿ ಅದಕ್ಕಿಂತ ದಪ್ಪನೆಯ ಆಸ್ಪರಜಿನ್ ಎಂಬ ಮಣಿ ಬಂದು ಕೂತಿತು. ಪೈರಿಮೆಥಮೀನ್ ಬಿಗಿಯಾದ, ಬಾಗದ ಅಣು. ಹೊಸ ಮಣಿಗೆ ಅದರ ಮೂಲೆ ತಾಗಿ ಒಳಗೆ ಸರಿಯಾಗಿ ಕೂರಲಾಗಲಿಲ್ಲ. ಅಸಲಿ ಜೀವಸತ್ವ ಮಾತ್ರ ಎಂದಿನಂತೆ ಕೂತು ಎದ್ದು ಹೋಗುತ್ತಿತ್ತು. ಆಮೇಲೆ 51, 59, 164ನೆಯ ಮಣಿಗಳೂ ಬದಲಾದವು. ಒಂದೊಂದು ಬದಲಾದಂತೆಲ್ಲ ಔಷಧಿ ಇನ್ನಷ್ಟು ಹೊರಗೆ.

ಇದಕ್ಕೆ ಉತ್ತರ ಕಡೆದವರು ಥಾಯ್ಲೆಂಡಿನ ಯೋಂಗ್ಯುತ್ ಯುಥಾವೋಂಗ್ ಮತ್ತು ಸಂಗಡಿಗರು. ಮೊದಲು, 2003ರಲ್ಲಿ, ಆ ಕಿಣ್ವದ ರೂಪವನ್ನು ಕ್ಷ-ಕಿರಣದಿಂದ ಪೂರ್ತಿ ಕಂಡುಕೊಂಡರು. ಪೈರಿಮೆಥಮೀನಿನ ಒಂದು ಭಾಗ ಅಸಲಿ ಜೀವಸತ್ವ ಕೂರುವ ಜಾಗದಿಂದ ಆಚೆ ಚಾಚಿಕೊಂಡಿದ್ದು ಕಂಡಿತು. ಚಾಚಿಕೊಂಡ ಕಡೆಯಲ್ಲೇ ಪರಾವಲಂಬಿ ಅದನ್ನು ತಳ್ಳುತ್ತಿತ್ತು. ಹಾಗಾದರೆ ಎಲ್ಲಿಯೂ ಆಚೆ ಚಾಚದ, ಜೀವಸತ್ವದ ನೆರಳಿನೊಳಗೇ ಅಡಗುವ, ಬಾಗಿ ಬಳುಕುವ ಅಣುವನ್ನು ಮಾಡಿದರೆ? ಸೊರಬದ ಗುಡಿಗಾರರು ಗಂಧದ ತುಂಡಿನಲ್ಲಿ ಕೂದಲೆಳೆಯಷ್ಟು ಲೆಕ್ಕ ಹಿಡಿದು ಕೆತ್ತುವ ಹಾಗೆ ಅವರು ಕೆತ್ತಿದರು. ಫೋಲಿಕ್ ಆಮ್ಲದ ಬಾಲದ ತುದಿ ಕಿಣ್ವದ ಯಾವ ಮಣಿಯನ್ನು ಹಿಡಿಯುತ್ತದೋ ಅದನ್ನೇ ಹಿಡಿಯುವ ಬಾಲವನ್ನು ಇದಕ್ಕೂ ಕೊಟ್ಟರು. 2012ರಲ್ಲಿ ಪ್ರಕಟವಾದ ಆ ಅಣುವಿಗೆ ಪಿ-218 ಎಂದು ಹೆಸರು. ಪರಾವಲಂಬಿ ಇದನ್ನು ತಳ್ಳಲು ಮಣಿ ಬದಲಿಸಿದರೆ ತನ್ನ ಅನ್ನವನ್ನೂ ತಳ್ಳಿಕೊಂಡಂತೆ. ಆರೋಗ್ಯವಂತರ ಮೇಲಿನ ಮೊದಲ ಹಂತದ ಪರೀಕ್ಷೆಯನ್ನೂ ಅದು ದಾಟಿದೆ. ಅಂಗಡಿಯ ಗುಳಿಗೆಯಾಗಿಲ್ಲ. ಇಂಥ ಕೆಲಸ ಮಲೇರಿಯಾ ಇರುವ ದೇಶದಲ್ಲೇ ಆಯಿತಲ್ಲ ಎಂಬುದು ನನಗೆ ಸಮಾಧಾನದ ಸಂಗತಿ. ಅತ್ತ ಅಮೆರಿಕದಲ್ಲಿ 2015ರಲ್ಲಿ ಅದೇ ಹಳೆಯ ಪೈರಿಮೆಥಮೀನಿನ ಒಂದು ಗುಳಿಗೆಯ ಬೆಲೆಯನ್ನು ರಾತ್ರಿ ಬೆಳಗಾಗುವುದರಲ್ಲಿ ಹದಿಮೂರೂವರೆ ಡಾಲರಿನಿಂದ 750 ಡಾಲರಿಗೆ ಏರಿಸಿದ್ದರು.

ನಮ್ಮ ಬೆಂಗಳೂರಿನವರೂ ಹಿಂದೆ ಬಿದ್ದಿಲ್ಲ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ, ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ದಂಪತಿ 2001ರಲ್ಲಿ ಒಂದು ಸೋಜಿಗ ಪ್ರಕಟಿಸಿದರು. ಟೂತ್‌ಪೇಸ್ಟು, ಸೋಪುಗಳಿಗೆ ಹಾಕುತ್ತಿದ್ದ ಟ್ರೈಕ್ಲೋಸಾನ್ ಎಂಬ ವಸ್ತು ಮಲೇರಿಯಾ ಪರಾವಲಂಬಿಯನ್ನು ಕೊಲ್ಲುತ್ತದೆ, ಇಲಿಗಳನ್ನು ಉಳಿಸುತ್ತದೆ ಎಂದು. ಅದು ಜೀವಸತ್ವದ ವೇಷಧಾರಿಯಲ್ಲ, ಪರಾವಲಂಬಿಯ ಕೊಬ್ಬು ತಯಾರಿಸುವ ಕಿಣ್ವವೊಂದನ್ನು ಹಿಡಿಯುವಂಥದು. ಕೆಲವು ವರ್ಷದ ಮೇಲೆ ಬೇರೆ ಪ್ರಯೋಗಶಾಲೆಗಳವರು, ರಕ್ತದಲ್ಲಿರುವಾಗ ಪರಾವಲಂಬಿಗೆ ಆ ಕಿಣ್ವದ ಅಗತ್ಯವೇ ಇಲ್ಲ, ಯಕೃತ್ತಿನಲ್ಲಿ ಇರುವಾಗ ಮಾತ್ರ ಬೇಕು ಎಂದು ತೋರಿಸಿದರು. ಹಾಗಾದರೆ ರಕ್ತದಲ್ಲಿ ಅದು ಸತ್ತದ್ದು ಯಾವುದರಿಂದ? 2018ರಲ್ಲಿ ಕೇಂಬ್ರಿಜ್‌ನಲ್ಲಿ ‘ಈವ್’ ಎಂಬ ಯಂತ್ರವಿಜ್ಞಾನಿಯ, ಅಂದರೆ ತಾನೇ ಪ್ರಯೋಗ ನಡೆಸುವ ರೋಬೋವಿನ, ನೆರವಿನಿಂದ ಉತ್ತರ ಸಿಕ್ಕಿತು. ಟ್ರೈಕ್ಲೋಸಾನ್ ಹಿಡಿಯುವುದು ಪೈರಿಮೆಥಮೀನ್ ಹಿಡಿಯುವ ಅದೇ ಫೋಲಿಕ್ ಆಮ್ಲದ ಕಿಣ್ವವನ್ನು! ಮಣಿ ಬದಲಿಸಿಕೊಂಡ ಕಿಣ್ವವನ್ನೂ ಅದು ಹಿಡಿಯುತ್ತದಂತೆ. ಹಾಗೆಂದು ಯಾರೂ ಟೂತ್‌ಪೇಸ್ಟು ತಿನ್ನಲು ಹೋಗಬೇಡಿ. ಆ ವಸ್ತು ಒಳ್ಳೆಯದಲ್ಲವೆಂದು ಅಮೆರಿಕದಲ್ಲಿ 2016ರಲ್ಲಿ ಕೈ-ಮೈ ತೊಳೆಯುವ ಸೋಪುಗಳಿಂದ ಅದನ್ನು ತೆಗೆಸಿದ್ದಾರೆ.

ಇನ್ನೊಂದು ಜೀವಸತ್ವದ ನಕಲಿಯೂ ಈಗ ಕೆಲಸದಲ್ಲಿದೆ. ಪ್ಯಾಂಟೋಥೆನಿಕ್ ಆಮ್ಲ, ಎಂದರೆ ಬಿ-5. ಎಲ್ಲೆಲ್ಲಿಯೂ ಸಿಗುವಂಥದು ಎಂದು ಗ್ರೀಕಿನಲ್ಲಿ ಅದರ ಅರ್ಥ. ಎಲ್ಲ ಕಡೆ ಸಿಕ್ಕರೂ ಮಲೇರಿಯಾ ಪರಾವಲಂಬಿ ಅದನ್ನು ನಮ್ಮ ರಕ್ತದಿಂದಲೇ ಕದಿಯಬೇಕು. ಅದರ ನಕಲಿಗಳನ್ನು 1940ರ ದಶಕದಲ್ಲೇ ಕೋಳಿಮರಿ, ಬಾತುಕೋಳಿಗಳ ಮಲೇರಿಯಾಕ್ಕೆ ಕೊಟ್ಟು ನೋಡಿದ್ದರು. ತೊಡಕೇನೆಂದರೆ, ಆಮೇಲೆ ಬಂದ ಉತ್ತಮ ನಕಲಿಗಳನ್ನು ನಮ್ಮ ರಕ್ತದಲ್ಲಿರುವ ಒಂದು ಕಿಣ್ವವೇ ಕತ್ತರಿಸಿ ಹಾಕುತ್ತಿತ್ತು. ನೆದರ್ಲೆಂಡ್ಸಿನ ವಿಜ್ಞಾನಿಗಳು ಆ ಕತ್ತರಿ ಬೀಳುವ ಕೊಂಡಿಯನ್ನೇ ಹಿಂದುಮುಂದಾಗಿ ತಿರುಗಿಸಿ ಹೊಲಿದರು. ರವಿಕೆಯ ತೋಳು ಉಲ್ಟಾ ಹೊಲಿದ ಹಾಗೆ ಎನ್ನಿ, ಆದರೆ ಬೇಕೆಂದೇ. ಕತ್ತರಿಗೆ ಗುರುತು ಸಿಗಲಿಲ್ಲ. 2022ರಲ್ಲಿ ಪ್ರಕಟವಾದ ಆ ಅಣುವನ್ನು ಪರಾವಲಂಬಿ ಜೀವಸತ್ವವೆಂದು ನಂಬಿ, ತನ್ನ ಕೈಯಾರೆ ಬೇಯಿಸಿ, ತನಗೇ ವಿಷ ಮಾಡಿಕೊಳ್ಳುತ್ತದೆ. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟ ಕಥೆಯೇ.

ಈ ಓದೆಲ್ಲ ಶುರುವಾಗುವ ಮೊದಲು, 2015ರಲ್ಲಿ, ನನ್ನ ತರಗತಿಯಲ್ಲಿ ನಡೆದದ್ದು ಈಗ ಅರ್ಥವಾಗುತ್ತಿದೆ. ಎಂಟನೆಯ ತರಗತಿಯ ಹುಡುಗಿ, ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದವಳು. ತಂದೆತಾಯಿ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಕಟ್ಟಡದ ನೀರು ನಿಂತಲ್ಲೆಲ್ಲ ಸೊಳ್ಳೆಯಾಗಿ ಆ ಊರು ಮಲೇರಿಯಾಕ್ಕೆ ಹೆಸರಾಗಿದ್ದ ವರ್ಷಗಳು. ದಸರಾ ರಜೆಗೆ ಹೋಗಿ ಬಂದ ಹುಡುಗಿ ಮೂರನೆಯ ದಿನಕ್ಕೆ ಬೆಂಚಿನ ಮೇಲೆ ಗಡಗಡ ನಡುಗತೊಡಗಿದಳು. ಅಜ್ಜಿ ದೃಷ್ಟಿ ತೆಗೆದಳು. ಆಮೇಲೆ ಯಾವುದೋ ಖಾಸಗಿ ವೈದ್ಯರಲ್ಲಿ ನಾಲ್ಕು ದಿನ ಸೂಜಿ, ಗ್ಲೂಕೋಸು. ರಕ್ತ ಮಾತ್ರ ಯಾರೂ ನೋಡಲಿಲ್ಲ. ಹುಡುಗಿ ಕಣ್ಣು ಮೇಲೆ ಮಾಡಿ ಏನೇನೋ ಬಡಬಡಿಸುತ್ತಾಳೆಂದು ಕೇಳಿ ನಾನು, ಆಶಾ ಕಾರ್ಯಕರ್ತೆ ಇಬ್ಬರೂ ಓಡಿದೆವು. ಬೆರಳು ಚುಚ್ಚಿ ನೋಡಿದರೆ ಫಾಲ್ಸಿಪ್ಯಾರಂ, ಮಿದುಳಿಗೂ ಏರಬಲ್ಲ ಮಲೇರಿಯಾ. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಆರ್ಟಿಸುನೇಟ್ ಸೂಜಿ, ಬಾಯಿಗೆ ಕೊಡುವಂತಾದ ಮೇಲೆ ಅವಳ ವಯಸ್ಸಿನ ಕೆಂಪು ಪೊಟ್ಟಣ. ಅದರೊಳಗೆ ಆರ್ಟಿಸುನೇಟ್ ಜೊತೆ ಸಲ್ಫಡಾಕ್ಸಿನ್-ಪೈರಿಮೆಥಮೀನ್.

ನಾವು ಶಾಲೆಯಲ್ಲಿ ವಾರಕ್ಕೊಮ್ಮೆ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ನೀಲಿ ಗುಳಿಗೆ ನುಂಗಿಸುತ್ತೇವಲ್ಲ, ಅದರ ವಹಿ ನನ್ನದೇ ಕೈಯಲ್ಲಿತ್ತು. ರಕ್ತವೆಲ್ಲ ಬತ್ತಿ ಹುಡುಗಿ ಸುಣ್ಣದ ಹಾಗಾಗಿದ್ದಳು. ‘ಬಂದ ಮೇಲೆ ಇವಳಿಗೆ ಎರಡು ಕೊಡಲಾ ಡಾಕ್ಟ್ರೇ?’ ಎಂದು ಕೇಳಿದೆ. ಆ ಚಿಕ್ಕ ವಯಸ್ಸಿನ ವೈದ್ಯೆ ‘ಸದ್ಯಕ್ಕೆ ಒಂದೂ ಬೇಡ, ಜ್ವರ ಪೂರ್ತಿ ಹೋಗಲಿ. ಅಷ್ಟು ಸಣ್ಣ ಪ್ರಮಾಣದಿಂದ ತೊಂದರೆಯಿಲ್ಲ, ಆದರೂ ಆ ಮದ್ದಿಗೂ ಇದಕ್ಕೂ ಅಷ್ಟಕ್ಕಷ್ಟೆ’ ಎಂದಳು. ಕಬ್ಬಿಣ ಉಷ್ಣವೆಂದೇನೋ ಹೇಳಿರಬೇಕೆಂದು ಸುಮ್ಮನಾದೆ. ಅಷ್ಟಕ್ಕಷ್ಟೆ ಎಂದರೆ ಏನೆಂದು ಈಗ ತಿಳಿಯಿತು. ಪರಾವಲಂಬಿ ತನ್ನ ಒಲೆ ಆರಿದರೂ ಹೊರಗಿನ ಫೋಲಿಕ್ ಆಮ್ಲ ಸಿಕ್ಕರೆ ಬಿಡುವುದಿಲ್ಲ. ಆಫ್ರಿಕದಲ್ಲಿ ಬಸುರಿಯರಿಗೆ ಮಲೇರಿಯಾ ಬಾರದಂತೆ ಇದೇ ಸಲ್ಫಾ-ಪೈರಿಮೆಥಮೀನ್ ಕೊಡುತ್ತಾರೆ. ಅವರಿಗೆ ದಿನಕ್ಕೆ 0.4 ಮಿಲಿಗ್ರಾಂ ಫೋಲಿಕ್ ಆಮ್ಲ ಸಾಕು, 5 ಮಿಲಿಗ್ರಾಂ ಕೊಟ್ಟರೆ ಔಷಧಿ ಸೋಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ತಾಯಿಗೆ ರಕ್ತ ಬೇಕು, ಮಗುವಿಗೆ ಬೆನ್ನುಹುರಿ ಬೇಕು, ಜ್ವರ ಬರಬಾರದು. ಎಲ್ಲ ತೂಗಬೇಕಾದದ್ದು ಮಿಲಿಗ್ರಾಮಿನ ತಕ್ಕಡಿಯಲ್ಲಿ. ಲೂಸಿ ವಿಲ್ಸ್ ಇದ್ದಿದ್ದರೆ ಏನೆನ್ನುತ್ತಿದ್ದರೋ.

ಹುಡುಗಿ ಹದಿನೈದು ದಿನಕ್ಕೆ ಶಾಲೆಗೆ ಬಂದಳು, ಕೂದಲೆಲ್ಲ ಉದುರಿ, ಕಣ್ಣು ದೊಡ್ಡದಾಗಿ. ದೀಪಾವಳಿ ಮುಗಿಸಿಕೊಂಡು ಅವಳ ತಾಯಿ ಮಂಗಳೂರಿಗೆ ಹೊರಟ ದಿನ ಆನವಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಂಕುಳಲ್ಲಿ ಚಿಕ್ಕದೊಂದು, ಕೈಯಲ್ಲಿ ಅಕ್ಕಿ ಗಂಟು. ಮೆಲ್ಲಗೆ ಹತ್ತಿರ ಬಂದು, ‘ಅಕ್ಕೋರೆ, ಆ ಕೆಂಪು ಪಾಕೀಟು ಎರಡು ಕೊಡಿಸ್ರೀ. ಅಲ್ಲಿ ಮೈ ಬೆಚ್ಚಗಾತು ಅಂದ್ರ ಅರ್ಧರ್ಧ ಎಲ್ಲರಿಗೂ ಹಂಚ್ತೀನಿ’ ಎಂದಳು.

ಇಲ್ಲವೆಂದೆ. ಯಾರಿಗೆ ಜ್ವರ ಬಂದರೂ ಮೊದಲು ರಕ್ತ ತೋರಿಸಬೇಕು, ಪೊಟ್ಟಣ ಕೊಟ್ಟರೆ ಒಂದನ್ನೂ ಬಿಡದೆ ಒಬ್ಬರೇ ಪೂರ್ತಿ ನುಂಗಬೇಕು ಎಂದು ಎರಡೆರಡು ಸಲ ಹೇಳಿದೆ. ಅವಳ ಮುಖ ಸಣ್ಣದಾಯಿತು. ಟೀಚರಮ್ಮ ಕೊಡಬಹುದಿತ್ತು, ಕೊಡಲಿಲ್ಲ ಎಂದುಕೊಂಡಿರಬೇಕು. ಅಷ್ಟರಲ್ಲಿ ಶಿಕಾರಿಪುರದ ಬಸ್ಸು ಬಂತು. ಎದುರಿನ ಬಟ್ಟೆ ಅಂಗಡಿಯಲ್ಲಿ ಒಂದು ಸೊಳ್ಳೆಪರದೆ ತೆಗೆದುಕೊಂಡು ಓಡಿಬಂದು ಕಿಟಕಿಯಿಂದ ಒಳಗೆ ಹಾಕಿದೆ. ‘ಇದು ಒಂದು, ನಾವು ಐದು ಮಂದಿ ಅದೀವಿ ಅಕ್ಕೋರೆ’ ಎಂದು ಅವಳು ನಗುತ್ತ ಹೇಳಿದ್ದು ಬಸ್ಸಿನ ಸದ್ದಿನಲ್ಲೂ ಕೇಳಿಸಿತು.